ಅನುಭವವಿಲ್ಲದವರ ಮೊದಲ ಕೆಲಸ

ಬಿ.ಎಸ್‌ಸಿ. ಮುಗಿಸಿ ಪ್ರೋಗ್ರಾಮರ್ ಕೆಲಸಕ್ಕೆ ಅರ್ಜಿ ಹಾಕಿದರೆ ಮೊದಲು ಕೇಳುವುದು 'ಅನುಭವ ಎಷ್ಟು ವರ್ಷ?' ಎಂದು. ಕೆಲಸವಿಲ್ಲದೆ ಅನುಭವ ಬರದು, ಅನುಭವವಿಲ್ಲದೆ ಕೆಲಸ ಸಿಗದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತೆಯೇ ಇದು. ಹಾಗಿದ್ದರೆ ಈ ವೃತ್ತಿಯೇ ಇಲ್ಲದಿದ್ದ ಕಾಲದಲ್ಲಿ ಜನರನ್ನು ಹೇಗೆ ಆರಿಸಿದರು?

ಎರಡನೆಯ ಮಹಾಯುದ್ಧದ ದಿನಗಳ ಅಮೆರಿಕಕ್ಕೆ ಹೋಗೋಣ. ಫಿರಂಗಿ ಗುಂಡಿನ ಪಥ ನಿಮ್ಮ ಪಠ್ಯಪುಸ್ತಕದ ಪರವಲಯವಲ್ಲ. ಗಾಳಿಯ ರೋಧವನ್ನು ಸೇರಿಸಿದೊಡನೆ ಅವಕಲ ಸಮೀಕರಣವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಬೇಕಾಗುತ್ತದೆ. ಮೇಜಿನ ಲೆಕ್ಕಯಂತ್ರದಲ್ಲಿ ಒಂದು ಪಥಕ್ಕೆ 30ರಿಂದ 40 ಗಂಟೆ ಹಿಡಿಯುತ್ತಿತ್ತು. ಈ ಕೆಲಸಕ್ಕೆ ಗಣಿತ ಓದಿದ ಮಹಿಳೆಯರು ಬೇಕೆಂದು ಸೇನೆ ಜಾಹೀರಾತು ನೀಡಿತು. 1942ರಲ್ಲಿ ಗಣಿತದಲ್ಲಿ ಪದವಿ ಪಡೆದ ಕ್ಯಾಥ್ಲೀನ್ ಮೆಕ್‌ನಲ್ಟಿ ಮತ್ತು ಫ್ರಾನ್ಸಿಸ್ ಬೈಲಾಸ್ ಅದನ್ನು ನೋಡಿ ಸೇರಿದರು. ಅವರ ಹುದ್ದೆಯ ಹೆಸರು 'ಕಂಪ್ಯೂಟರ್'. ಆಗ ಆ ಪದ ಮನುಷ್ಯರಿಗೇ ಸಲ್ಲುತ್ತಿತ್ತು.

ಇದೇ ಲೆಕ್ಕಕ್ಕಾಗಿ ಫಿಲಡೆಲ್ಫಿಯಾದ ಮೂರ್ ಎಂಜಿನಿಯರಿಂಗ್ ಶಾಲೆಯಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳ ಎನಿಯಾಕ್ ಯಂತ್ರ ಸಿದ್ಧವಾಗುತ್ತಿತ್ತು. ಅದನ್ನು ನಡೆಸಲು 1945ರಲ್ಲಿ ಆರು ಮಹಿಳೆಯರನ್ನು ಆರಿಸಿದರು. ಜೀನ್ ಜೆನಿಂಗ್ಸ್ ಅವರಲ್ಲಿ ಒಬ್ಬಳು. ಮಿಸೌರಿಯ ರೈತ ಕುಟುಂಬದ, ಇಪ್ಪತ್ತು ವರ್ಷದ ಹುಡುಗಿ. ಶಿಕ್ಷಕರ ಕಾಲೇಜಿನಲ್ಲಿ ಗಣಿತ ಓದಿ ಆಗತಾನೆ ಹೊರಬಂದವಳು. ಸಂದರ್ಶನದಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ವಿದ್ಯುತ್ತಿನ ಬಗ್ಗೆ ಏನು ಯೋಚಿಸುತ್ತೀ ಎಂದು ಕೇಳಿದರಂತೆ. ಭೌತಶಾಸ್ತ್ರ ಓದಿದ್ದೇನೆ, ಓಮ್ ನಿಯಮ ಗೊತ್ತು ಎಂದಳು. ಅದಲ್ಲ, ವಿದ್ಯುತ್ತಿಗೆ ಹೆದರುತ್ತೀಯಾ ಎಂಬುದು ಅವರ ಪ್ರಶ್ನೆ! ಹೆದರಿಕೆಯಿಲ್ಲ ಎಂದಳು. ಮೊದಲು ಬದಲಿ ಪಟ್ಟಿಯಲ್ಲಿದ್ದವಳಿಗೆ ಮುಂದಿದ್ದವರು ಹಿಂಜರಿದಾಗ ಸ್ಥಾನ ಸಿಕ್ಕಿತು. ಓಮ್ ನಿಯಮ ಪಾಠ ಮಾಡುವ ನನಗೆ ಈ ಸಂದರ್ಶನ ತುಸು ಬೇಸರ ತರಿಸಬೇಕಿತ್ತು. ಆದರೆ ಕೇಳಬೇಕಾದ್ದನ್ನೇ ಕೇಳಿದ್ದಾರೆ ಎನಿಸುತ್ತದೆ.

ಮುಂದಿನದು ಇನ್ನೂ ವಿಚಿತ್ರ. ಯಂತ್ರ ಸೇನೆಯ ಗುಟ್ಟು. ಅನುಮತಿ ಇಲ್ಲದ್ದರಿಂದ ಅದಿದ್ದ ಕೋಣೆಗೇ ಇವರಿಗೆ ಮೊದಮೊದಲು ಪ್ರವೇಶವಿರಲಿಲ್ಲ. ಕೈಪಿಡಿಯಿಲ್ಲ, ಪ್ರೋಗ್ರಾಮಿಂಗ್ ಭಾಷೆಯಂತೂ ಹುಟ್ಟೇ ಇರಲಿಲ್ಲ. ಅಬರ್ಡೀನ್‌ನಲ್ಲಿ ರಂಧ್ರಕಾರ್ಡು ಯಂತ್ರಗಳ ತರಬೇತಿ ಪಡೆದು ಬಂದವರು ನಕ್ಷೆಗಳನ್ನು ಹರಡಿಕೊಂಡು, ಎಂಜಿನಿಯರುಗಳನ್ನು ಕೇಳಿ ಕೇಳಿ, ಯಾವ ತಂತಿ ಎಲ್ಲಿಗೆ, ಯಾವ ಸ್ವಿಚ್ ಹೇಗೆ ಎಂದು ಕಲಿತರು.

1946ರ ಫೆಬ್ರವರಿ 15ರಂದು ಪ್ರದರ್ಶನ. ಜೀನ್ ಮತ್ತು ಬೆಟ್ಟಿ ಸ್ನೈಡರ್ ಗುಂಡಿನ ಪಥದ ಕ್ರಮವಿಧಿಯನ್ನು ಸಿದ್ಧಪಡಿಸಿದ್ದರು. ಹಿಂದಿನ ರಾತ್ರಿಯೂ ಒಂದು ದೋಷ ಉಳಿದಿತ್ತು: ಲೆಕ್ಕದ ಗುಂಡು ನೆಲ ಮುಟ್ಟಿದರೂ ನಿಲ್ಲದೆ ಒಳಕ್ಕೆ ಇಳಿಯುತ್ತಿತ್ತು. ಬೆಟ್ಟಿಗೆ ರಾತ್ರಿ ಕಾರಣ ಹೊಳೆಯಿತು. ಬೆಳಗ್ಗೆ ಬಂದು ಒಂದೇ ಒಂದು ಸ್ವಿಚ್ ಬದಲಿಸಿದಳು. ಗಮನಿಸಿ, ಈ ಬೆಟ್ಟಿ ಓದಿದ್ದು ಪತ್ರಿಕೋದ್ಯಮ. ಗಂಟೆಗಟ್ಟಲೆ ಹಿಡಿಯುತ್ತಿದ್ದ ಲೆಕ್ಕ ಅರ್ಧ ನಿಮಿಷದೊಳಗೆ ಮುಗಿಯಿತು. ಆ ಸಂಜೆಯ ಔತಣಕ್ಕೆ ಮಾತ್ರ ಇವರನ್ನು ಕರೆಯಲಿಲ್ಲ.

ಗಣಕಗಳು ಹೆಚ್ಚಿದಂತೆ ಆಯ್ಕೆಯೂ ಯಾಂತ್ರಿಕವಾಯಿತು. 1955ರಲ್ಲಿ ಐಬಿಎಂ ಅಭಿರುಚಿ ಪರೀಕ್ಷೆಯೊಂದನ್ನು ತಂದಿತು: ಸಂಖ್ಯಾಶ್ರೇಣಿ, ಆಕೃತಿಗಳ ಹೋಲಿಕೆ, ಅಂಕಗಣಿತದ ಸಮಸ್ಯೆಗಳು. ಅನುಭವ ಕೇಳದ ಈ ಪರೀಕ್ಷೆ ಅನೇಕರಿಗೆ ಬಾಗಿಲು ತೆರೆಯಿತು. ಆದರೆ ಅದರ ಅಂಕಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಬಲವಾದ ಸಂಬಂಧವಿಲ್ಲವೆಂಬ ಆಕ್ಷೇಪ ಬಂತು. ಹೊಸಬರನ್ನು ತೆಗೆದುಕೊಂಡು ತಾವೇ ಕಲಿಸುವ ಪದ್ಧತಿಯನ್ನು ನಮ್ಮ ಕಂಪನಿಗಳೂ ಅನುಸರಿಸಿದವು. ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರ ನಿಮಗೆ ಗೊತ್ತಿರುವ ಉದಾಹರಣೆ.

ಕಲಿಸುವ ಹೊಣೆ ಹೊರದೆ, ಕಲಿತವರೇ ಬೇಕೆನ್ನುವ ಸಂಸ್ಥೆಯೆದುರು ಪದವೀಧರ ಏನು ತೋರಿಸಬಹುದು? ತಾನೇ ಬರೆದು, ತಾನೇ ತಪ್ಪು ತಿದ್ದಿದ ಒಂದು ಕ್ರಮವಿಧಿಯನ್ನು. ಶಿಕ್ಷಕರು ಎನಿಯಾಕ್‌ನ ಸಮಸ್ಯೆಯನ್ನೇ ಕೊಡಬಹುದು. ವೇಗದ ವರ್ಗಕ್ಕೆ ಅನುಪಾತದಲ್ಲಿರುವ ರೋಧವಿಟ್ಟು, ನೂರನೆಯ ಒಂದು ಸೆಕೆಂಡಿನ ಹೆಜ್ಜೆಗಳಲ್ಲಿ ಗುಂಡಿನ ಪಥ ಬರೆಯಲಿ. ಮೊದಲು ರೋಧವನ್ನು ಸೊನ್ನೆ ಮಾಡಿ ಪರವಲಯ ಬರುತ್ತದೆಯೇ ನೋಡಲಿ. ಆಮೇಲೆ ಗುಂಡು ನೆಲದಲ್ಲಿ ನಿಲ್ಲುತ್ತದೋ, ಒಳಕ್ಕೆ ಇಳಿಯುತ್ತದೋ ಪರೀಕ್ಷಿಸಲಿ.