ನಲ್ಲಿ ನೀರಿಗೆ ಬೆಂಕಿ, ನೆಲಕ್ಕೆ ನಡುಕ: ಶೇಲ್ ಗ್ಯಾಸ್ ಬಗ್ಗೆ ಫಾರ್ವರ್ಡ್‌ಗಳು ಹೇಳುವುದರಲ್ಲಿ ನಿಜ ಎಷ್ಟು?

ನಲ್ಲಿಗೆ ಲೈಟರ್ ಹಿಡಿದರೆ ನೀರೇ ಹೊತ್ತಿಕೊಳ್ಳುವ ವಿಡಿಯೋವನ್ನು ನೀವೂ ನೋಡಿರಬಹುದು. ಶೇಲ್ ಗ್ಯಾಸ್ ತೆಗೆದ ಕಡೆಯೆಲ್ಲ ಹೀಗೇ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ. ಇದು ಕಲ್ಲಿದ್ದಲಿಗಿಂತ ಶುದ್ಧ, ಅಪಾಯವೇನೂ ಇಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ನಾವು ಎರಡನ್ನೂ ಪರಿಶೀಲಿಸಿದೆವು. ಎರಡೂ ಅರ್ಧ ನಿಜ.

ಶೇಲ್ ಗ್ಯಾಸ್ ಎಂದರೇನು?

ಶೇಲ್ ಎಂಬುದು ಪದರಪದರವಾದ ಕಲ್ಲು. ಅದರೊಳಗೆ ಸಿಕ್ಕಿಕೊಂಡಿರುವ ನೈಸರ್ಗಿಕ ಅನಿಲವೇ ಶೇಲ್ ಗ್ಯಾಸ್. ಅದರಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ಸಾಮಾನ್ಯವಾಗಿ ಒಂದು ಕಿಲೋಮೀಟರ್‌ಗಿಂತ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಲಾಗಿ ತಿರುಗಿಸಿ, ನೀರು, ಮರಳು ಮತ್ತು ಸ್ವಲ್ಪ ರಾಸಾಯನಿಕವನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಬಿರುಕು ಬಿಡಿಸುತ್ತಾರೆ. ಇದಕ್ಕೆ ಫ್ರ್ಯಾಕಿಂಗ್ ಎನ್ನುತ್ತಾರೆ.

ಲಾಭ ಏನು?

ವಿದ್ಯುತ್ ಉತ್ಪಾದನೆಗೆ ಉರಿಸಿದಾಗ ಕಲ್ಲಿದ್ದಲಿಗೆ ಹೋಲಿಸಿದರೆ ಅನಿಲದಿಂದ ಸುಮಾರು ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಹಾರುಬೂದಿಯ ಕಾಟವೂ ಇಲ್ಲ. ಅಮೆರಿಕದಲ್ಲಿ 2005ರಲ್ಲಿ ಸುಮಾರು ಅರ್ಧದಷ್ಟು ವಿದ್ಯುತ್ ಕಲ್ಲಿದ್ದಲಿನಿಂದ ಬರುತ್ತಿತ್ತು. 2020ರ ಹೊತ್ತಿಗೆ ಅದು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಅಗ್ಗದ ಶೇಲ್ ಗ್ಯಾಸ್ ಇದಕ್ಕೆ ದೊಡ್ಡ ಕಾರಣ.

ನಲ್ಲಿ ನೀರು ಉರಿಯುವುದು ನಿಜವೇ?

ಉರಿಯುವುದು ನಿಜ. ಕಾರಣ ಮಾತ್ರ ಎಲ್ಲ ಕಡೆ ಒಂದೇ ಅಲ್ಲ. 2010ರ ಗ್ಯಾಸ್‌ಲ್ಯಾಂಡ್ ಸಾಕ್ಷ್ಯಚಿತ್ರದ ಪ್ರಸಿದ್ಧ ದೃಶ್ಯ ಕೊಲರಾಡೋದ್ದು. ಆ ಬಾವಿಯ ಮೀಥೇನ್ ನೆಲದಲ್ಲಿ ಸಹಜವಾಗಿಯೇ ಇದ್ದದ್ದು ಎಂದು ಅಲ್ಲಿನ ರಾಜ್ಯ ನಿಯಂತ್ರಣ ಸಂಸ್ಥೆ ಹೇಳಿತು. ಆದರೆ ಪೆನ್ಸಿಲ್ವೇನಿಯಾದ ಡಿಮಾಕ್‌ನಲ್ಲಿ, ದೋಷವಿದ್ದ ಅನಿಲ ಬಾವಿಗಳಿಂದಲೇ ಮೀಥೇನ್ ಮನೆಗಳ ನೀರಿಗೆ ಸೇರಿದೆ ಎಂದು ಸರ್ಕಾರದ ತನಿಖೆ ಕಂಡುಕೊಂಡಿತು. 2022ರಲ್ಲಿ ಕಂಪನಿ ಕೋರ್ಟಿನಲ್ಲಿ ಆರೋಪವನ್ನು ಪ್ರಶ್ನಿಸದೆ, ಹೊಸ ನೀರಿನ ವ್ಯವಸ್ಥೆಗೆ ಹಣ ಕೊಡಲು ಒಪ್ಪಿತು. ಆಳದ ಬಿರುಕಿಗಿಂತ, ಅಂತರ್ಜಲದ ಪದರವನ್ನು ದಾಟಿ ಹೋಗುವ ಬಾವಿಯ ಪೈಪು ಮತ್ತು ಅದರ ಸುತ್ತಲಿನ ಸಿಮೆಂಟು ಗಟ್ಟಿಯಾಗಿದೆಯೇ ಎಂಬುದೇ ಇಲ್ಲಿ ಮುಖ್ಯ.

ಎಷ್ಟು ನೀರು ಬೇಕು?

ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಪ್ರಕಾರ ಒಂದು ಬಾವಿಗೆ ಸುಮಾರು 57 ಲಕ್ಷದಿಂದ 6 ಕೋಟಿ ಲೀಟರ್. 10,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 570ರಿಂದ 6,000 ಟ್ಯಾಂಕರ್! ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುವ ಊರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಭೂಕಂಪ ಆಗುತ್ತದೆಯೇ?

ಒಕ್ಲಹೋಮಾದಲ್ಲಿ ಮೊದಲು 3ಕ್ಕಿಂತ ಹೆಚ್ಚು ತೀವ್ರತೆಯ ಕಂಪನ ವರ್ಷಕ್ಕೆ ಒಂದೆರಡು ಇದ್ದವು. 2015ರಲ್ಲಿ ಸುಮಾರು 900 ಆದವು. ಮುಖ್ಯ ಕಾರಣ ಫ್ರ್ಯಾಕಿಂಗ್ ಅಲ್ಲ. ತೈಲ ಮತ್ತು ಅನಿಲದ ಜೊತೆ ಮೇಲೆ ಬಂದ ಉಪ್ಪು ನೀರನ್ನು ಮತ್ತೆ ಆಳಕ್ಕೆ ತುಂಬಿದ್ದು. ತುಂಬುವುದನ್ನು ಕಡಿಮೆ ಮಾಡಿದಾಗ ಕಂಪನಗಳೂ ಇಳಿದವು. ಹಾಗೆಂದು ಫ್ರ್ಯಾಕಿಂಗ್ ನಿರಪಾಯವಲ್ಲ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ 2019ರಲ್ಲಿ ಅದರಿಂದಲೇ 2.9 ತೀವ್ರತೆಯ ಕಂಪನವಾಗಿ, ಸರ್ಕಾರ ಕೆಲಸ ನಿಲ್ಲಿಸಿತು.

ಹವಾಮಾನಕ್ಕೆ ಒಳ್ಳೆಯದೇ?

ಉರಿಸಿದರೆ ಕಲ್ಲಿದ್ದಲಿಗಿಂತ ಮೇಲು. ಉರಿಯದೆ ಸೋರಿದರೆ ಅಲ್ಲ. 20 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಶಾಖ ಹಿಡಿದಿಡುತ್ತದೆ. 2018ರ ಒಂದು ಅಧ್ಯಯನ ಅಮೆರಿಕದ ಸೋರಿಕೆಯನ್ನು ಉತ್ಪಾದನೆಯ 2.3% ಎಂದು ಅಂದಾಜಿಸಿತು. ಇದು ಸರ್ಕಾರಿ ಅಂದಾಜಿಗಿಂತ ಸುಮಾರು 60% ಹೆಚ್ಚು.

ನಮಗೂ ಇದಕ್ಕೂ ಏನು ಸಂಬಂಧ?

ಭಾರತ 2013ರಲ್ಲಿ ಶೇಲ್ ಗ್ಯಾಸ್ ನೀತಿ ತಂದಿತು. ಕ್ಯಾಂಬೇ, ಕೃಷ್ಣಾ-ಗೋದಾವರಿ, ಕಾವೇರಿ ಜಲಾನಯನಗಳ ಹೆಸರು ಕೇಳಿಬಂದರೂ ದೊಡ್ಡ ಉತ್ಪಾದನೆ ಆಗಿಲ್ಲ. ಇಲ್ಲಿ 'ಕಾವೇರಿ' ಎಂದರೆ ತಮಿಳುನಾಡಿನ ಕರಾವಳಿ ಭಾಗ; ಕೊಡಗು, ಮಂಡ್ಯ ಅಲ್ಲ. ಕರ್ನಾಟಕದ ಬಹುಪಾಲು ನೆಲ ಗ್ರಾನೈಟ್, ನೈಸ್‌ನಂಥ ಗಟ್ಟಿ ಶಿಲೆ. ಆದರೆ ಅಮೆರಿಕದ ದ್ರವೀಕೃತ ಅನಿಲ 2018ರಲ್ಲಿ ಮಹಾರಾಷ್ಟ್ರದ ದಾಭೋಲ್‌ಗೆ ಬಂದಿತು. ಅಲ್ಲಿಂದ ಬೆಂಗಳೂರಿಗೆ ಪೈಪ್‌ಲೈನ್ ಇದೆ.

ನಮ್ಮ ತೀರ್ಮಾನ

ಶೇಲ್ ಗ್ಯಾಸ್ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬಾವಿ ಗಟ್ಟಿಯೇ? ಕೊಳಕು ನೀರು ಎಲ್ಲಿಗೆ ಹೋಗುತ್ತದೆ? ಎಷ್ಟು ಅನಿಲ ಸೋರುತ್ತದೆ? ಅದು ಕಲ್ಲಿದ್ದಲಿನ ಜಾಗಕ್ಕೆ ಬರುತ್ತದೋ, ಸೌರಶಕ್ತಿಯ ಜಾಗಕ್ಕೋ? ಈ ನಾಲ್ಕಕ್ಕೆ ಉತ್ತರ ಕೊಡದ ಮೆಸೇಜ್ ಬಂದರೆ, ಪರವೇ ಇರಲಿ ವಿರೋಧವೇ ಇರಲಿ, ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ.