ಊರಿಗಾಗಿ ಬಾಗಿಲು ಮುಚ್ಚಿದ ದೇವಾಲಯ

ಸಂತ ಲಾರೆನ್ಸರೆಂದರೆ ನಮಗೆ ಥಟ್ಟನೆ ನೆನಪಾಗುವುದು ಕಾರ್ಕಳದ ಅತ್ತೂರು. ಬಡವರನ್ನೇ ಧರ್ಮಸಭೆಯ ಸಂಪತ್ತೆಂದು ತೋರಿಸಿದ ಈ ರಕ್ತಸಾಕ್ಷಿಯ ಹಬ್ಬವನ್ನು ಆಗಸ್ಟ್ 10ರಂದು ಆಚರಿಸುತ್ತೇವೆ. ಅದೇ ತಿಂಗಳ ಕೊನೆಯ ಭಾನುವಾರ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ, ಅವರ ಹೆಸರಿನ ದೇವಾಲಯದವರು ಪ್ಲೇಗಿನಲ್ಲಿ ಮಡಿದ ತಮ್ಮ ಹಿರಿಯರನ್ನು ಸ್ಮರಿಸುತ್ತಾರೆ.

ಅದು ಡರ್ಬಿಶೈರಿನ ಈಮ್ ಹಳ್ಳಿ. ದೇವಾಲಯ ಇಂದು ಆಂಗ್ಲಿಕನ್ ಸಭೆಯದು. ಆದರೆ ಅದರ ಬೇರು 16ನೇ ಶತಮಾನದ ಒಡಕಿಗಿಂತ ಬಹಳ ಹಿಂದಿನದು. ಅಂಗಳದ ಕಲ್ಲಿನ ಶಿಲುಬೆಗೆ ಸಾವಿರ ವರ್ಷ ಮೀರಿದೆ. ಅದರ ಮೇಲೆ ದೇವದೂತರನ್ನೂ ಬಾಲಯೇಸುವನ್ನು ಎತ್ತಿಕೊಂಡ ಮಾತೆ ಮರಿಯಮ್ಮನವರನ್ನೂ ಕೆತ್ತಲಾಗಿದೆ. ಕಂಬದ ತುಂಡೊಂದು ಕಳೆದುಹೋಗಿ ಶಿಲುಬೆ ಗಿಡ್ಡವಾಗಿದೆ. ಒಳಗೆ ನಾರ್ಮನ್ ಕಾಲದ ಜ್ಞಾನಸ್ನಾನದ ತೊಟ್ಟಿ, ಗೋಡೆಯಲ್ಲಿ ಇಸ್ರಯೇಲಿನ ಹನ್ನೆರಡು ಗೋತ್ರಗಳ ಲಾಂಛನಗಳು. ಹೊರಗೆ 1775ರ ನೆರಳು ಗಡಿಯಾರ.

1665ರ ಸೆಪ್ಟೆಂಬರಿನಲ್ಲಿ ಈ ಹಳ್ಳಿಗೆ ಪ್ಲೇಗ್ ಬಂತು. ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯಲ್ಲಿದ್ದ ಚಿಗಟಗಳೇ ಕಾರಣವೆನ್ನುತ್ತಾರೆ. ದೇವಾಲಯದ ಗುರು ವಿಲಿಯಂ ಮಾಂಪೆಸನ್ ಊರಿಗೆ ಹೊಸಬರು, ತರುಣರು. ಹಿಂದಿನ ಬೋಧಕ ಥಾಮಸ್ ಸ್ಟ್ಯಾನ್ಲಿ ಪ್ಯೂರಿಟನ್ ಪಂಥದವರು. ಸರ್ಕಾರದ ಪೂಜಾವಿಧಿಯನ್ನು ಒಪ್ಪದೆ ಸ್ಥಾನ ಕಳೆದುಕೊಂಡವರು. ಜನರ ವಿಶ್ವಾಸ ಮಾತ್ರ ಅವರ ಮೇಲೇ ಇತ್ತು. ಒಬ್ಬರ ಮುಖ ಒಬ್ಬರು ನೋಡದಿರಲು ಇಬ್ಬರಿಗೂ ಕಾರಣವಿತ್ತು. ಆದರೂ ಮಂದೆಗಾಗಿ ಇಬ್ಬರು ಕುರುಬರೂ ಒಂದಾದರು.

1666ರ ಜೂನಿನಲ್ಲಿ ಮೂರು ತೀರ್ಮಾನಗಳಾದವು. ಸತ್ತವರನ್ನು ಮನೆಯವರೇ ತಮ್ಮ ಹೊಲ, ಹಿತ್ತಲಲ್ಲಿ ಹೂಳಬೇಕು. ದೇವಾಲಯ ಮುಚ್ಚಬೇಕು, ಕಣಿವೆಯಲ್ಲಿ ಮನೆಮನೆಯವರು ದೂರ ದೂರ ನಿಂತು ಆರಾಧಿಸಬೇಕು. ರೋಗ ನೆರೆಹಳ್ಳಿಗಳಿಗೆ ಹಬ್ಬದಂತೆ ಯಾರೂ ಎಲ್ಲೆ ದಾಟಬಾರದು. ಹೊರಗಿನವರು ಗಡಿಕಲ್ಲಿನ ಬಳಿ ಆಹಾರ ಇಟ್ಟು ಹೋಗುತ್ತಿದ್ದರು. ಇವರು ವಿನೆಗರಿನಲ್ಲಿ ಅದ್ದಿದ ನಾಣ್ಯ ಇಡುತ್ತಿದ್ದರು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸುಮಾರು 260 ಜನ ಸತ್ತರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕೈಯಾರೆ ಹೂತಳು. ಮಾಂಪೆಸನ್ ತಮ್ಮ ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿದ್ದರು. ಅವರೂ ನಮ್ಮಂತೆ ಮನುಷ್ಯರೇ. ಪತ್ನಿ ಕ್ಯಾಥರಿನ್ ಮಾತ್ರ ಅವರೊಡನೆ ಉಳಿದು, ಆಗಸ್ಟಿನಲ್ಲಿ ತೀರಿಕೊಂಡರು. ಆ ಹಳೆಯ ಶಿಲುಬೆಯ ಹತ್ತಿರವೇ ಅವರ ಸಮಾಧಿಯಿದೆ.

2020ರಲ್ಲಿ ನಮ್ಮ ದೇವಾಲಯಗಳೂ ಮುಚ್ಚಿದವು. ವಿಶ್ವಾಸ ಕಡಿಮೆಯಾಯಿತೇ ಎಂದು ಹಲವರು ನೊಂದು ಕೇಳಿದರು. 1576ರ ಪ್ಲೇಗಿನಲ್ಲಿ ಮಿಲಾನಿನ ಸಂತ ಚಾರ್ಲ್ಸ್ ಬೊರೊಮಿಯೊ ಬೀದಿಗಳಲ್ಲಿ ಪೀಠ ಕಟ್ಟಿಸಿ, ಜನ ಕಿಟಕಿಯಿಂದಲೇ ಬಲಿಪೂಜೆ ಕಾಣುವಂತೆ ಮಾಡಿದ್ದರು. ಹೆದರಿ ಬಾಗಿಲು ಹಾಕುವುದು ಬೇರೆ, ನೆರೆಯವನ ಜೀವಕ್ಕಾಗಿ ಹಾಕುವುದು ಬೇರೆ. ಎರಡನೆಯದೂ ಆರಾಧನೆಯೇ.

ಪ್ರಿಯರೇ, ಇಂದು ನಮ್ಮ ದೇವಾಲಯಗಳ ಬಾಗಿಲು ತೆರೆದಿವೆ. ಆದರೆ ಮಾತು ಬಿಟ್ಟ ಅಣ್ಣತಮ್ಮಂದಿರ, ನೆರೆಹೊರೆಯವರ ಮನೆಗಳ ನಡುವಿನ ಬಾಗಿಲು? ಮಾಂಪೆಸನ್ ಮತ್ತು ಸ್ಟ್ಯಾನ್ಲಿ ಒಂದಾಗಲು ಊರಿಗೆ ಪ್ಲೇಗ್ ಬರಬೇಕಾಯಿತು. ನಾವು ಅಷ್ಟು ದಿನ ಕಾಯುವುದು ಬೇಡ. ಸಂತ ಲಾರೆನ್ಸರೇ, ನಮಗಾಗಿ ಪ್ರಾರ್ಥಿಸಿರಿ.