ಚೀಲ ಎಣಿಸಿದ ಕಾಲ: ಸಿಮೆಂಟು ಪರ್ಮಿಟ್ಟು, ಗೌಂಡಿ ಮತ್ತು ನಮ್ಮ ಮನೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ನಮ್ಮಲ್ಲಿ ಗಾದೆ. ಪುಣೆಗೆ ಬಂದ ಮೇಲೆ ಗೊತ್ತಾಯಿತು, ಮರಾಠಿಯಲ್ಲೂ ಅದೇ ಮಾತಿದೆ: ‘ಲಗ್ನ ಪಹಾವೇ ಕರೂನ್, ಘರ್ ಪಹಾವೇ ಬಾಂಧೂನ್’. ಮದುವೆ ವಿಷಯ ಸದ್ಯಕ್ಕೆ ಬಿಡೋಣ. ಸ್ವಂತ ಮನೆ ಕಟ್ಟಿಸಿದ ಯಾರನ್ನಾದರೂ ಮಾತಾಡಿಸಿ ನೋಡಿ, ಮೊದಲ ಹತ್ತು ನಿಮಿಷ ಗೌಂಡಿಯ (ಮೈಸೂರು ಕಡೆಯವರಿಗೆ ಮೇಸ್ತ್ರಿ) ಮೇಲಿನ ದೂರೇ ಇರುತ್ತದೆ. ಸಿಮೆಂಟು ಕದ್ದ, ಅರ್ಧಕ್ಕೆ ಬಿಟ್ಟು ಬೇರೆ ಸೈಟಿಗೆ ಓಡಿದ, ಎರಡೇ ಮಳೆಗೆ ಸ್ಲಾಬು ಸೋರಿತು, ಇತ್ಯಾದಿ.

ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳ ಮಧ್ಯೆ ವರ್ಷಗಟ್ಟಲೆ ಕೂತ ನನಗೆ ಈ ದೂರುಗಳನ್ನು ಕೇಳಿ ಕೇಳಿ ಒಂದು ವಿಷಯ ಹೊಳೆದಿದೆ. ಗೌಂಡಿಗಳಲ್ಲಿ ಕಳ್ಳರಿಲ್ಲ ಅಂತ ನಾನು ಹೇಳುವುದಿಲ್ಲ, ಬ್ಯಾಂಕಿನವರಲ್ಲೂ ಇದ್ದಾರೆ. ಆದರೆ ಮಾಲೀಕ ಮತ್ತು ಗೌಂಡಿಯ ನಡುವಿನ ಈ ಅಪನಂಬಿಕೆಗೆ ಒಂದು ಇತಿಹಾಸವಿದೆ. ಅದು ಸಿಮೆಂಟಿನ ಇತಿಹಾಸ.

ಮೊದಲು ಸುಣ್ಣದ ಕಾಲ ನೋಡೋಣ. ವಿಜಾಪುರದ ಗೋಳಗುಮ್ಮಟ ನಿಂತಿರುವುದು ಸುಣ್ಣದ ಗಾರೆಯ ಮೇಲೆ. ಅನುಕೂಲಸ್ಥರು ಮನೆ ಕಟ್ಟಿಸುವಾಗ ಅಂಗಳದಲ್ಲೇ ಸುಣ್ಣದ ಗಾಣ ಹಾಕುತ್ತಿದ್ದರು. ದುಂಡಗಿನ ಕಲ್ಲಿನ ಕಾಲುವೆ, ಅದರಲ್ಲಿ ಉರುಳುವ ಕಲ್ಲಿನ ಚಕ್ರ, ಎಳೆಯಲು ಎತ್ತು. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸಿ, ಮರಳೋ ಇಟ್ಟಿಗೆ ಪುಡಿಯೋ ಸೇರಿಸಿ ಅರೆಯಬೇಕು. ಕೆಲವೆಡೆ ಬೆಲ್ಲದ ನೀರು, ಅಳಲೆಕಾಯಿ ನೀರು ಕೂಡ ಬೆರೆಸುತ್ತಿದ್ದರು. ಗಾರೆ ನುಣ್ಣಗಾಯಿತೋ ಇಲ್ಲವೋ ಅನ್ನುವುದು ಮಾಲೀಕನ ಕಣ್ಣಿಗೂ ಬೆರಳಿಗೂ ತಿಳಿಯುತ್ತಿತ್ತು. ಸುಣ್ಣ ನಿಧಾನಕ್ಕೆ ಗಟ್ಟಿಯಾಗುವ ವಸ್ತು, ಅವಸರ ಮಾಡಿದರೆ ಗೋಡೆಯೇ ಹೇಳಿಬಿಡುತ್ತದೆ. ಹಾಗಾಗಿ ಕೆಲಸದ ವೇಗ ಮಾಲೀಕನ ಕೈಯಲ್ಲೂ ಇರಲಿಲ್ಲ, ಗೌಂಡಿಯ ಕೈಯಲ್ಲೂ ಇರಲಿಲ್ಲ.

ಸಿಮೆಂಟು ಇದನ್ನೆಲ್ಲ ತಿರುವು ಮುರುವು ಮಾಡಿತು. ನಮ್ಮ ದೇಶದಲ್ಲಿ 1904ರಲ್ಲಿ ಮದರಾಸಿನಲ್ಲಿ ಒಂದು ಪ್ರಯತ್ನ ನಡೆದು ಕೈಗೂಡಲಿಲ್ಲ. 1914ರಲ್ಲಿ ಪೋರಬಂದರದ ಕಾರ್ಖಾನೆ ಸಿಮೆಂಟು ಹೊರತಂದಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆಯಿತು. ನೀರು ಬೆರೆಸಿದ ಸಿಮೆಂಟಿಗೆ ಕಾಯುವ ತಾಳ್ಮೆ ಇಲ್ಲ. ಗಟ್ಟಿಯಾಗಲು ಶುರುವಾಗುವ ಮುನ್ನ ಕನಿಷ್ಠ 30 ನಿಮಿಷ ಸಿಗಬೇಕು ಅಂತ ನಮ್ಮ ಐಎಸ್ ಮಾನದಂಡ ಹೇಳುತ್ತದೆ. ಅಷ್ಟು ಖಾತರಿಯ ಮೇಲೆಯೇ ಕೆಲಸ ಮುಗಿಸಬೇಕು. ಅದು ಚೀಲದಲ್ಲಿ ಬರುವ ಬೂದು ಪುಡಿ, ಒಳ್ಳೆಯದೋ ಕೆಟ್ಟದ್ದೋ ಮುಟ್ಟಿ ನೋಡಿದರೆ ನಮ್ಮಂಥವರಿಗೆ ತಿಳಿಯುವುದಿಲ್ಲ. ತಿಳಿಯುವುದು ಒಂದೇ, ಚೀಲ ಎಷ್ಟು ಅನ್ನುವುದು.

ಆ ಚೀಲವೇ ಸಿಗದ ಕಾಲ ಬಂತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸಿಮೆಂಟಿನ ಮೇಲೆ ಸರಕಾರದ ಹಿಡಿತ ಶುರುವಾಯಿತು. 1956ರಲ್ಲಿ ಹಂಚಿಕೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಕೈಗೆ ಹೋಯಿತು. 1966ರಲ್ಲಿ ಹಿಡಿತ ಬಿಟ್ಟಂತೆ ಮಾಡಿ 1968ರಲ್ಲಿ ಮತ್ತೆ ಬಿಗಿ ಮಾಡಿದರು. ಇತ್ತ ಪುಣೆಯಲ್ಲಿ 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು, ಖಡಕವಾಸ್ಲಾವನ್ನೂ ಒಡೆದು, ನದಿಯ ದಂಡೆಯ ಪೇಟೆಗಳಿಗೆ ನೀರು ನುಗ್ಗಿತು. ಮಣ್ಣಿನಲ್ಲಿ ಕಟ್ಟಿದ ಎಷ್ಟೋ ಹಳೆಯ ವಾಡೆಗಳು ಕುಸಿದವು. ಅದನ್ನು ಕಂಡವರು ಮುಂದಿನ ಮನೆ ಸಿಮೆಂಟಿನದೇ ಆಗಲಿ ಅಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಸಿಮೆಂಟು ಎಲ್ಲಿತ್ತು?

ಬ್ಯಾಂಕಿಗೆ ನಾನು ಸೇರಿದಾಗ ಹಿರಿಯ ಸಹೋದ್ಯೋಗಿಗಳು ಊಟದ ಹೊತ್ತಿಗೆ ಹೇಳುತ್ತಿದ್ದ ಕತೆಗಳೆಲ್ಲ ಪರ್ಮಿಟ್ಟಿನವೇ. ಮಂಜೂರಾದ ನಕ್ಷೆ, ಎಸ್ಟಿಮೇಟು ಹಿಡಿದು ಸರಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಕೇಳಿದ್ದು ನೂರು ಚೀಲವಾದರೆ ಬರೆದುಕೊಡುವುದು ಮೂವತ್ತು. ಆಮೇಲೆ ಡಿಪೋದಲ್ಲಿ ‘ಇನ್ನೂ ವ್ಯಾಗನ್ ಬಂದಿಲ್ಲ’. 1977ರಲ್ಲಿ ಎಚ್‌ಡಿಎಫ್‌ಸಿ ಹುಟ್ಟುವ ತನಕ ಮಧ್ಯಮ ವರ್ಗದವರಿಗೆ ಮನೆ ಸಾಲ ಸಿಗುವುದೂ ಸುಲಭವಿರಲಿಲ್ಲ. ಪಿ.ಎಫ್., ನೌಕರಿಯ ಮುಂಗಡ, ಹೆಂಡತಿಯ ಬಂಗಾರ ಹೀಗೆ ಕೂಡಿಸಿದ ದುಡ್ಡು ಕೈಯಲ್ಲಿದ್ದರೂ ಪರ್ಮಿಟ್ಟಿಲ್ಲದೆ ಗೋಡೆ ಏಳುತ್ತಿರಲಿಲ್ಲ. ಈ ಹಂಚಿಕೆಯ ಅಧಿಕಾರಕ್ಕೆ ಎಷ್ಟು ಬೆಲೆ ಇತ್ತು ಅನ್ನುವುದಕ್ಕೆ ಮಹಾರಾಷ್ಟ್ರದಲ್ಲೇ ಸಾಕ್ಷಿ ಇದೆ. 1982ರ ಜನವರಿಯಲ್ಲಿ ಬಾಂಬೆ ಹೈಕೋರ್ಟು, ಟ್ರಸ್ಟಿಗೆ ಬಂದ ದೇಣಿಗೆಗೂ ಬಿಲ್ಡರುಗಳಿಗಾದ ಸಿಮೆಂಟು ಹಂಚಿಕೆಗೂ ನಂಟಿತ್ತೆಂದು ತೀರ್ಪು ಕೊಟ್ಟಿತು. ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಟ್ಟರು.

ಈಗ ಒಂದು ಲೆಕ್ಕ. 1000 ಚದರಡಿಯ, ನಾಲ್ಕೂವರೆ ಇಂಚು ದಪ್ಪದ ಸ್ಲಾಬಿಗೆ, ಆಗಿನ ರೂಢಿಯ 1:2:4 ಮಿಶ್ರಣದಲ್ಲಿ ಸುಮಾರು 65ರಿಂದ 70 ಚೀಲ ಬೇಕು. ಸ್ಲಾಬನ್ನು ಇವತ್ತಿಷ್ಟು ಮುಂದಿನ ತಿಂಗಳಿಷ್ಟು ಅಂತ ಹಾಕಲು ಬರುವುದಿಲ್ಲ. ಒಂದೇ ದಿನ ಆಗಬೇಕು. ಪರ್ಮಿಟ್ಟು ಮಾತ್ರ ಕಂತಿನಲ್ಲಿ ಬರುತ್ತದೆ. ಹಾಗಾದರೆ ದಾರಿ? ಬಂದಷ್ಟು ಚೀಲ ತಂದು ಮೂಲೆಯ ಕೋಣೆಯಲ್ಲಿ ಪೇರಿಸಿ, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಸಿಮೆಂಟು ಗಾಳಿಯ ತೇವ ಹೀರಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಮೂರು ತಿಂಗಳಿಗೆ ಸುಮಾರು ಐದರಲ್ಲೊಂದು ಪಾಲು, ಆರು ತಿಂಗಳಿಗೆ ಸುಮಾರು 30 ಶೇಕಡಾ ಬಲ ಹೋಗುತ್ತದೆ ಅಂತ ಎಂಜಿನಿಯರಿಂಗ್ ಪುಸ್ತಕಗಳ ಅಂದಾಜು. ಆಗಿನ ಸೆಣಬಿನ ಚೀಲ, ನಮ್ಮ ಮಳೆಗಾಲ ಎರಡೂ ಸೇರಿದರೆ ಕೇಳುವುದೇ ಬೇಡ. ಕಳ್ಳರಿಂದ ಕಾಪಾಡಿದ ಸಿಮೆಂಟು ಬೀಗದೊಳಗೇ ಸಾಯುತ್ತಿತ್ತು. ಮುಂದೆ ಸ್ಲಾಬು ಸೋರಿದಾಗ ಬೈಸಿಕೊಂಡವನು ಗೌಂಡಿ.

ಇನ್ನೊಂದು ಮಾತು ಮರಳಿನದು. ತುಸು ಒದ್ದೆ ಇರುವ ಮರಳು ಉಬ್ಬುತ್ತದೆ. ಕಾಲು ಭಾಗದಷ್ಟು ಹೆಚ್ಚು ಜಾಗ ಹಿಡಿಯುವುದು ಸಾಮಾನ್ಯ. ಗೋಡೆಯ ಗಾರೆಗೆ ಒಂದು ಪಾಲು ಸಿಮೆಂಟು, ಆರು ಪಾಲು ಮರಳು ಅಂತ ಘಮೇಲಿಯಲ್ಲಿ ಅಳೆದರೆ, ಉಬ್ಬಿದ ಮರಳಿನಲ್ಲಿ ನಿಜವಾದ ಮರಳು ಇರುವುದು ಐದು ಪಾಲಿಗೂ ಕಡಿಮೆ. ಅಂದರೆ ಗಾರೆ ಕಡಿಮೆ ಆಗುತ್ತದೆ, ಸಿಮೆಂಟು ಹೆಚ್ಚು ಖರ್ಚಾಗುತ್ತದೆ. ಎಸ್ಟಿಮೇಟಿನಲ್ಲಿ ನೂರು ಚೀಲ ಇದ್ದದ್ದು ನೂರಿಪ್ಪತ್ತು ದಾಟಿದರೆ ಮಾಲೀಕ ಏನೆಂದುಕೊಳ್ಳುತ್ತಾನೆ? ‘ಗೌಂಡಿ ರಾತ್ರಿ ಮಾರಿಕೊಂಡ.’ ಚೀಲಕ್ಕೆ ಚಿನ್ನದ ಬೆಲೆ ಇದ್ದ ಕಾಲದಲ್ಲಿ ಈ ಅನುಮಾನ ಸಹಜವೇ. ಕದ್ದವರೂ ಇದ್ದರು ನಿಜ. ಕದಿಯದೆ ಕಳ್ಳನೆನಿಸಿಕೊಂಡವರ ಲೆಕ್ಕ ಯಾರೂ ಇಟ್ಟಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ನೀರಿನದು. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ಕೂಡಿ. ನಮ್ಮ ಮಾನದಂಡದ ಪ್ರಕಾರ ಕಾಂಕ್ರೀಟನ್ನು ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದ್ದು ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕು. ಒಣ ಬಿಸಿಲಿನಲ್ಲಿ ಇನ್ನೂ ಹೆಚ್ಚು. ಆದರೆ ನೀರು ಹೊಡೆಯುವವರು ಯಾರು? ಗೌಂಡಿಯ ಠೇಕಾ ಚದರಡಿಯ ಲೆಕ್ಕದ್ದು, ಸ್ಲಾಬು ಹಾಕಿದ ಮರುದಿನ ಅವನಿಗೆ ಇನ್ನೊಂದು ಸೈಟು. ಮಾಲೀಕ ರಜೆಯನ್ನೆಲ್ಲ ಪರ್ಮಿಟ್ಟಿನ ಕಚೇರಿಯಲ್ಲೂ ಡಿಪೋದಲ್ಲೂ ಕಳೆದಾಗಿದೆ. ನಮ್ಮ ಬ್ಯಾಂಕುಗಳ ಪದ್ಧತಿಯೂ ಹಾಗೇ ಬೆಳೆಯಿತು. ತಳಪಾಯಕ್ಕೆ ಒಂದು ಕಂತು, ಲಿಂಟಲ್ಲಿಗೆ ಒಂದು, ಸ್ಲಾಬಿಗೆ ಒಂದು. ಹತ್ತು ದಿನ ನೀರುಣಿಸಿದ್ದಕ್ಕೆ ಕಂತು ಕೊಟ್ಟ ಕಡತ ನಾನಂತೂ ನೋಡಿಲ್ಲ.

1982ರ ಫೆಬ್ರವರಿ 28ರಂದು ಸಿಮೆಂಟಿನ ಅರ್ಧಂಬರ್ಧ ಬಿಡುಗಡೆ ಆಯಿತು. ಹಳೆಯ ಕಾರ್ಖಾನೆಗಳು ಮೂರರಲ್ಲಿ ಎರಡು ಪಾಲನ್ನು ಲೆವಿ ಎಂದು ಸರಕಾರದ ದರಕ್ಕೆ ಕೊಟ್ಟು ಉಳಿದದ್ದನ್ನು ಮುಕ್ತವಾಗಿ ಮಾರಬಹುದಿತ್ತು. ಆ ಪಾಲು ವರ್ಷದಿಂದ ವರ್ಷಕ್ಕೆ ಇಳಿದು 1989ರ ಮಾರ್ಚ್ 1ಕ್ಕೆ ಕಂಟ್ರೋಲು ಪೂರ್ತಿ ಹೋಯಿತು. ಅಷ್ಟರಲ್ಲಿ ದೇಶದ ಉತ್ಪಾದನೆ ಸುಮಾರು ದುಪ್ಪಟ್ಟಾಗಿತ್ತು. ಈಗ ಅಂಗಡಿಗೆ ಫೋನು ಮಾಡಿದರೆ ಸಂಜೆಗೆ ಚೀಲ ಮನೆ ಮುಂದೆ. ಆದರೆ ನಮ್ಮ ಮನಸ್ಸಿನ ಪರ್ಮಿಟ್ಟು ಹೋಗಿಲ್ಲ ನೋಡಿ. ಇಂದಿಗೂ ಮಾಲೀಕರು ಸೈಟಿಗೆ ಹೋಗಿ ಮೊದಲು ಎಣಿಸುವುದು ಖಾಲಿ ಚೀಲ. ಚೀಲಕ್ಕೆ ಎಷ್ಟು ನೀರು ಹಾಕಿದರು ಅಂತ ಕೇಳುವವರು ಅಪರೂಪ. 1:2:4ರ ಅಂದಾಜಿನ ಕಾಂಕ್ರೀಟಿಗೆ 50 ಕಿಲೋ ಚೀಲಕ್ಕೆ 32 ಲೀಟರು ದಾಟಬಾರದು. ಸಲೀಸಾಗಿ ಹರಿಯಲಿ ಅಂತ ಇನ್ನೊಂದು ಬಕೇಟು ಸುರಿದರೆ, ಚೀಲ ಒಂದೂ ಕಳುವಾಗದಿದ್ದರೂ ಬಲ ಕಳುವಾಗುತ್ತದೆ.

ಇದರಲ್ಲಿ ನಮ್ಮ ಕನ್ನಡಿಗರ ಪಾಲೂ ಇದೆ. ಪುಣೆ, ಮುಂಬಯಿಯ ಹಳೆಯ ಮನೆಗಳಲ್ಲಿ ಕಾಲಿಗೆ ತಂಪಾಗುವ ‘ಶಹಾಬಾದಿ ಫರಶಿ’ ಬಂದದ್ದು ನಮ್ಮ ಕಲಬುರ್ಗಿ ಜಿಲ್ಲೆಯ ಶಹಾಬಾದಿನ ಹೆಸರು ಹೊತ್ತು. ಅದೇ ಸೀಮೆಯ ಸುಣ್ಣದ ಕಲ್ಲೇ ವಾಡಿ, ಶಹಾಬಾದಿನ ಕಾರ್ಖಾನೆಗಳಲ್ಲಿ ಸಿಮೆಂಟಾಯಿತು. ಅದನ್ನು ತಲೆಯ ಮೇಲೆ ಹೊತ್ತು ಏಣಿ ಹತ್ತುವವರಲ್ಲೂ ಕಲಬುರ್ಗಿ, ಯಾದಗಿರಿ, ವಿಜಾಪುರದ ಜನ ಇಲ್ಲಿ ಬಹಳ. ಸೈಟಿನಲ್ಲಿ ನಿಂತು ‘ಯಾವೂರ್ರೀ ನಿಮ್ಮದು?’ ಅಂತ ಒಮ್ಮೆ ಕೇಳಿ ನೋಡಿ. ಆಮೇಲೆ ಮರಳು ಒದ್ದೆ ಐತೋ ಒಣಾ ಐತೋ, ನೀರು ಎಷ್ಟು ಹಾಕೀರಿ ಅನ್ನುವುದನ್ನೆಲ್ಲ ಅವರೇ ಬಿಡಿಸಿ ಹೇಳುತ್ತಾರೆ.

ಮನೆ ಕಟ್ಟಿಸಲು ಹೊರಟವರಿಗೆ ಈ ಇತಿಹಾಸದಿಂದ ಸಿಗುವ ಉಪಯೋಗ ಇಷ್ಟು. ಸಿಮೆಂಟನ್ನು ಎರಡು ಮೂರು ವಾರಕ್ಕೆ ಬೇಕಾದಷ್ಟೇ ತನ್ನಿ, ಚೀಲದ ಮೇಲಿನ ತಯಾರಿಕೆಯ ವಾರ ನೋಡಿ. ಮರಳನ್ನು ಘಮೇಲಿಯಲ್ಲಿ ಅಲ್ಲ, ಅಳತೆಯ ಪೆಟ್ಟಿಗೆಯಲ್ಲಿ ಅಳೆಸಿ, ಒದ್ದೆ ಇದ್ದರೆ ಅದಕ್ಕೆ ತಕ್ಕಂತೆ ಹೆಚ್ಚು ಹಾಕಿಸಿ. ಗೌಂಡಿಯೊಡನೆ ಕರಾರು ಬರೆಯುವಾಗ ನೀರು ಹೊಡೆಯುವ ದಿನಗಳಿಗೆ ಬೇರೆ ಕೂಲಿ ಬರೆಯಿರಿ, ಸ್ಲಾಬಿನ ಹಣದಲ್ಲಿ ಒಂದು ಪಾಲನ್ನು ಆ ದಿನಗಳು ಮುಗಿದ ಮೇಲೆ ಕೊಡಿ. ಕೊಡುವಾಗ ಮಾತ್ರ ಸತಾಯಿಸಬೇಡಿ, ಅದು ಅವನ ದುಡಿಮೆಯ ದುಡ್ಡು.

ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ತಂದೆಯವರ ಕಾಲದ ಸಿಮೆಂಟು ಪರ್ಮಿಟ್ಟು ಇದ್ದರೆ ತೆಗೆದು ನೋಡಿ. ಎಷ್ಟು ಚೀಲ ಕೇಳಿದ್ದರು, ಎಷ್ಟು ಸಿಕ್ಕಿತು, ಎಷ್ಟು ತಿಂಗಳಿಗೆ ಸಿಕ್ಕಿತು ಅಂತ ಬರೆದು ತಿಳಿಸಿ. ಎಲ್ಲ ಸೇರಿಸಿ ಒಂದು ಲೆಕ್ಕ ಹಾಕೋಣ.